ಗಡಿಗೆಗಳ ನೆಂಟಸ್ತನ

ತಾಳ್ಯದ ಆ ಅಜ್ಜಿ ಯಾರು ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ: "ಯಾರ ಪೈಕಿನಪ್ಪ ನೀನು?" ಹುಳಿ ಅಂಬಲಿಯೊಳಗಿನ ಯೀಸ್ಟ್ ಹುಡುಕಿಕೊಂಡು ಹೋದ ನನ್ನನ್ನೂ ಕೇಳಿದಳು. ಅಂಬಲಿಯ ಗಡಿಗೆಯನ್ನು ಅವಳು ಎಂದೂ ಪೂರ್ತಿ ಬರಿದು ಮಾಡಿದವಳಲ್ಲ. ತಳದ ಹುಳಿಗೇ ಹೊಸ ಅಂಬಲಿ ಸುರಿದು, ಮಗು ಮಲಗಿಸುವಂತೆ ಮುಚ್ಚಳ ತಟ್ಟುತ್ತಿದ್ದಳು.

ಪ್ರಯೋಗಾಲಯಕ್ಕೆ ಮರಳಿ ಆ ಯೀಸ್ಟಿನ ಜೀನೋಮನ್ನು ನಮ್ಮ ಡೇಟಾಬೇಸಿನ ಉಳಿದವುಗಳ ಜೊತೆ ಹೋಲಿಸಿದೆ. ಪರದೆಯ ಮೇಲಿನ ವಂಶವೃಕ್ಷದಲ್ಲಿ ಅದು ಮಾರಿಕಣಿವೆಯ ಇನ್ನೊಂದು ಗಡಿಗೆಯ ಯೀಸ್ಟಿನ ಪಕ್ಕ, ಒಂದೇ ಕೊಂಬೆಯಲ್ಲಿ ಹೋಗಿ ಕುಳಿತಿತು. ಮತ್ತೆ ತಾಳ್ಯಕ್ಕೆ ಹೋಗಿ ಅದನ್ನು ಅಜ್ಜಿಗೆ ಹೇಳಿ, ಮಾರಿಕಣಿವೆಯಲ್ಲಿ ಅಂಬಲಿ ಕೊಟ್ಟ ಹೆಂಗಸು ಎಡಗೈಯಲ್ಲೇ ಸೌಟು ಹಿಡಿಯುತ್ತಾರೆ ಎಂದೆ. ಅಜ್ಜಿಯ ಕೈ ಮುಚ್ಚಳದ ಮೇಲೇ ನಿಂತಿತು.

"ನಮ್ಮಕ್ಕ. ಅವ್ವನ ಹುಳಿ ಇಬ್ರೂ ತವರಿಂದ ತಂದಿದ್ವಿ. ಮಾತು ಬಿಟ್ಟು ಎಷ್ಟೋ ವರ್ಷ ಆತು. ನನ್ ಸುದ್ದಿ ಎತ್ತಿದ್ಲಾ?"

"ಇಲ್ಲಜ್ಜಿ. ಒಡಹುಟ್ಟಿದೋರು ಯಾರೂ ಇಲ್ಲ ಅಂದ್ರು."

ಅಜ್ಜಿ ಮೆಲ್ಲಗೆ ನಕ್ಕಳು. "ಆದ್ರೂ ಅವ್ವನ ಹುಳಿ ಸಾಯಾಕೆ ಬಿಟ್ಟಿಲ್ಲ ನೋಡಪ್ಪ."