ಊರುಗಳಿಗೆ ಮಾರ್ಕ್ಸ್ ಹಾಕಿದ ದೊಡ್ಡಬಸವರಾಜ

ದೊಡ್ಡಬಸವರಾಜಣ್ಣನನ್ನು ಮೊದಲ ಸಲ ಕಂಡಾಗ ನಾನು ಅವರನ್ನು ವಾಸ್ತು ನೋಡುವವರೆಂದೇ ತಿಳಿದಿದ್ದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ವಿರೂಪಮ್ಮನವರ ಮನೆಯ ಮಹಡಿ ಬಾಡಿಗೆಗೆ ಖಾಲಿಯಿತ್ತು. ಕೆಳಗಿನ ಮನೆಗೆ ಇಂಟರ್ನೆಟ್ ಕೇಬಲ್ ಎಳೆಯಲು ನಾನು ಏಣಿ ಹೊತ್ತು ಹೋಗಿದ್ದೆ. ನಲವತ್ತರ ಆಸುಪಾಸಿನ, ಇಸ್ತ್ರಿ ಅಂಗಿ ತೊಟ್ಟ ಒಬ್ಬರು ಮಹಡಿಯ ಒಂದೊಂದು ಮೂಲೆಗೂ ಹೋಗಿ, ಕೈಯಲ್ಲಿ ಮೊಬೈಲು ಹಿಡಿದು, ರೆಪ್ಪೆ ಮಿಟುಕಿಸದೆ ನಿಲ್ಲುತ್ತಿದ್ದರು. ಆಮೇಲೆ ಪುಟ್ಟ ಡೈರಿಯಲ್ಲಿ ಏನೋ ಬರೆಯುತ್ತಿದ್ದರು. ಕಿಟಕಿ ಮುಚ್ಚಿ, ತೆಗೆದು, ಕಿವಿಗೊಟ್ಟರು. ಕೊನೆಗೆ ಮೆಟ್ಟಿಲ ಕೆಳಗಿನ ಕರೆಂಟ್ ಮೀಟರಿನ ಮುಂದೆ ತಲೆ ಬಾಗಿಸಿ ನಿಂತರು. ಇಷ್ಟಾದ ಮೇಲೆ ವಾಸ್ತುವಿನವರಲ್ಲದೆ ಇನ್ನಾರು?

ನನಗಾಗ ಇಪ್ಪತ್ತಾರು. ಮೂರು ಕಡೆ ಹೆಣ್ಣು ನೋಡಿ ಬಂದಿದ್ದೆ. ಮೂರು ಕಡೆಯವರೂ ‘ತಿಳಿಸ್ತೀವಿ’ ಎಂದಿದ್ದರು, ಇನ್ನೂ ತಿಳಿಸಿರಲಿಲ್ಲ. ಪುಕ್ಕಟೆ ಸಲಹೆ ಬಿಡಬಾರದೆಂದು ಏಣಿಯಿಂದಿಳಿದು ಕೈಮುಗಿದೆ.

“ಸ್ವಾಮೇರ, ನನ್ನ ಮಂಚ ಯಾವ ದಿಕ್ಕಿಗೆ ಹಾಕಿದ್ರ ಲಗ್ನ ಆಗತೈತಿ?”

ಅವರು ನಗಲಿಲ್ಲ. ನನ್ನ ಅಂಗಿಯ ಮೇಲಿದ್ದ ಕಂಪನಿಯ ಹೆಸರು ಓದಿದರು. “ನೀ ನೆಟ್ ಕಂಪನಿಯಾವ ಅಲ್ಲೇನು? ನಾನ ನಿನ್ನ ಕೇಳಬೇಕಂತಿದ್ದೆ. ಈ ಓಣ್ಯಾಗ ದಿನಕ್ಕ ಎಷ್ಟು ಸಲ ನೆಟ್ ಹೋಗತೈತಿ?”

ಅವರು ಷೇರು ಪೇಟೆಯಲ್ಲಿ ಟ್ರೇಡಿಂಗ್ ಮಾಡುವವರು. ಮೊದಲು ಯಾವುದೋ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಆ ಕಚೇರಿ ಮುಚ್ಚಿದ ಮೇಲೆ ಇನ್ನೊಬ್ಬರ ಕೈಕೆಳಗೆ ಕೂರುವುದಿಲ್ಲವೆಂದು ಈ ಕೆಲಸ ಹಿಡಿದಿದ್ದರು. ಬೆಳಿಗ್ಗೆ ಒಂಬತ್ತೂ ಕಾಲಿನಿಂದ ಮಧ್ಯಾಹ್ನ ಮೂರೂವರೆಯವರೆಗೆ ಎರಡು ಪರದೆಗಳ ಮುಂದೆ ಕೂತು ಕೊಳ್ಳುವುದು, ಮಾರುವುದು. ಕೊಂಡದ್ದನ್ನು ಮಾರಬೇಕಾದ ಗಳಿಗೆಯಲ್ಲಿ ನೆಟ್ ಹೋದರೂ ಕಷ್ಟ, ಕರೆಂಟ್ ಹೋದರೂ ಕಷ್ಟ. ಹೀಗಾಗಿ ಉಳಿದವರು ಮನೆ ನೋಡುವಾಗ ಅಡುಗೆಮನೆ, ದೇವರಮನೆ ನೋಡಿದರೆ ಇವರು ಸಿಗ್ನಲ್ಲು, ಮೀಟರು ನೋಡುತ್ತಿದ್ದರು.

ಅಷ್ಟರಲ್ಲಿ ವಿರೂಪಮ್ಮ ಮೇಲೆ ಬಂದರು.

“ಏನ್ ಕೆಲಸ ಮಾಡ್ತೀರಿ?”

“ಟ್ರೇಡಿಂಗ್ ರೀ. ಮನ್ಯಾಗ ಕುಂತು.”

“ಅಂದ್ರ ದಿನಾ ಹಗಲೊತ್ತು ಮನ್ಯಾಗ ಇರ್ತೀರಿ?”

“ಹೌದ್ರಿ.”

“ಗಂಡಸರು ಹಗಲೆಲ್ಲ ಮನ್ಯಾಗಿದ್ರ ಹೆಂಗ್ರೀ? ನಾವು ಹೆಣ್ಮಕ್ಕಳು ಮಾಳಿಗಿ ಮ್ಯಾಲೆ ಹಪ್ಪಳ ಒಣಗಸಾಕ ಬರ್ತೀವಿ, ಅರಿವಿ ಹಾಕಾಕ ಬರ್ತೀವಿ...”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು: “ನಾನು ಸರ್ಕಾರಿ ಸಾಲಿ ಟೀಚರ್ ಅದೀನ್ರಿ ಅಮ್ಮ.”

“ಅಯ್ಯ, ಅದನ್ನ ಮೊದಲ ಹೇಳಬಾರದೇನವ್ವಾ! ಬರ್ರಿ, ಬರ್ರಿ. ಟೀಚರಮ್ಮನ ಹೆಸರಿಗೆ ಕರಾರು ಮಾಡಿಸೋಣು.”

“ನನ್ನ ಹೆಸರಿಗೆ ಆಗಬೇಕು,” ಎಂದರು ದೊಡ್ಡಬಸವರಾಜಣ್ಣ. “ಇಲ್ಲಾಂದ್ರ ಈ ಮನಿ ಬ್ಯಾಡ.”

ಒಂದು ಹೆಸರಿಗಾಗಿ ಎರಡು ತಿಂಗಳ ಅಡ್ವಾನ್ಸ್ ಹೆಚ್ಚಿಗೆ ಕೊಟ್ಟರು. ನನಗೆ ಅವರ ಖದರು ಬಹಳ ಹಿಡಿಸಿತು. ತಿಂಗಳ ಸಂಬಳಕ್ಕೆ ಕಂಬ ಹತ್ತುವವನಿಗೆ ಯಾರಿಗೂ ತಲೆ ಬಾಗದ ಮನುಷ್ಯ ಕಂಡರೆ ಹಾಗೆಯೇ ಆಗುತ್ತದೆ. ಅವರು ಮೀಟರಿಗೆ ತಲೆ ಬಾಗಿಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಮನೆಗೆ ನಾನೇ ಕೇಬಲ್ ಹಾಕಿದೆ. ಅದು ಕೈಕೊಟ್ಟಾಗ ಇರಲೆಂದು ಇನ್ನೊಂದು ಕಂಪನಿಯ ನೆಟ್ಟನ್ನೂ ಹಾಕಿಸಿಕೊಂಡಿದ್ದರು. ದೂರು ಇರಲಿ ಬಿಡಲಿ, ತಿಂಗಳಿಗೆರಡು ಸಲ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ನನಗೂ ಸಂಬಳ ಬಿಟ್ಟು ಟ್ರೇಡಿಂಗ್ ಕಲಿಯುವ ಹುಚ್ಚು ಹತ್ತಿತ್ತು. ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಆಸೆಬುರುಕರಲ್ಲ, ಒಂದು ಷೇರು ಇಷ್ಟು ಇಳಿದರೆ ಮಾರಿಬಿಡಬೇಕೆಂದು ಕೊಳ್ಳುವಾಗಲೇ ಬರೆದಿಟ್ಟು, ಆ ಗೆರೆ ಮುಟ್ಟಿದ ಕೂಡಲೇ ಮಾರುತ್ತಿದ್ದರು. ಅದಕ್ಕೆ ಸ್ಟಾಪ್ ಲಾಸ್ ಅನ್ನುತ್ತಾರೆ. “ನಷ್ಟ ಆಗೋದು ತಪ್ಪಲ್ಲಲೇ ಶರಣ. ಆಗಾಕ ಹತ್ತೈತಿ ಅಂತ ಗೊತ್ತಾದ ಮ್ಯಾಲೂ ಕುಂತು ನೋಡೋದು ತಪ್ಪು,” ಎನ್ನುತ್ತಿದ್ದರು. ಇದನ್ನು ನಾನು ಮೊಬೈಲಿನ ಸ್ಟೇಟಸ್ಸಿಗೆ ಹಾಕಿಕೊಂಡು ಒಂದು ವಾರ ಜಾಣನಾಗಿದ್ದೆ.

ಅವರ ಮೇಜಿನ ಮೇಲಿನ ಗೋಡೆಗೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿದ್ದರು. ಟ್ರೇಡಿಂಗ್ ಮಾಡುವವನು ಯಾವ ಊರಲ್ಲಿ ಇರಬೇಕು ಎಂಬುದರ ಪಟ್ಟಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಮೂರು ಸಾಲು. ನೆಟ್, ಕರೆಂಟ್, ಬಾಡಿಗೆ, ಗದ್ದಲ, ನೀರು ಎಂದು ಐದು ಕಾಲಂ. ಒಂದೊಂದಕ್ಕೂ ಹತ್ತು ಮಾರ್ಕ್ಸ್. ಐವತ್ತಕ್ಕೆ ಬಳ್ಳಾರಿ ನಲವತ್ತೊಂದು, ಸಿರುಗುಪ್ಪ ಮೂವತ್ತೈದು, ಕುರುಗೋಡು ಮೂವತ್ತು.

“ನಾ ಮೂರನೇತ್ತೆ ಹುಡುಗರಿಗೆ ಹಾಕಿದ್ರ ಇವರು ಊರಿಗೆ ಮಾರ್ಕ್ಸ್ ಹಾಕ್ತಾರ ನೋಡು,” ಎಂದು ಅವರ ಹೆಂಡತಿ ಶೀಲಾ ಮೇಡಂ ನಗುತ್ತಿದ್ದರು.

ಅವರ ಶಾಲೆ ಇದ್ದದ್ದು ರಾರಾವಿಯಲ್ಲಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ರಾರಾವಿಗೆ ಇನ್ನೊಂದು. ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಟರೆ ಮನೆ ಸೇರುವಾಗ ಸಂಜೆ ಏಳು. ಬಳ್ಳಾರಿಯ ಕಡೆ ವರ್ಗಕ್ಕೆ ಎರಡು ಸಲ ಅರ್ಜಿ ಹಾಕಿದ್ದರು, ಸಿಕ್ಕಿರಲಿಲ್ಲ. ಸಿರುಗುಪ್ಪದಲ್ಲಿ ಮನೆ ಮಾಡಿದರೆ ಒಂದೇ ಬಸ್ಸು, ಅರ್ಧ ಗಂಟೆಯ ಮಾತು.

ಒಂದು ದಿನ ಮೇಡಂ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು. “ಶರಣ, ನಿಮ್ಮ ಕಂಪನಿ ಸಿರುಗುಪ್ಪದಾಗೂ ಐತಲ್ಲ? ಅಲ್ಲಿ ಬಸ್ ಸ್ಟ್ಯಾಂಡ್ ಹಿಂದ ಒಂದು ಮನಿ ನೋಡೀನಿ. ನೆಟ್ ಹೆಂಗೈತಿ ಅಂತ ಒಂಚೂರು ನೋಡಿ ಇವರಿಗೆ ಹೇಳ್ತಿ? ನಾ ಹೇಳಿದ್ರ ಆಗಲ್ಲ. ನೀ ಹೇಳಿದ್ರ ನಂಬ್ತಾರ.”

ಮರುವಾರ ಸಿರುಗುಪ್ಪಕ್ಕೆ ಡ್ಯೂಟಿ ಬಿತ್ತು. ಹೋಗಿ ಅಳೆದೆ. ಬಳ್ಳಾರಿಯಷ್ಟೇ ವೇಗ, ಕೂದಲಷ್ಟೂ ಕಡಿಮೆಯಿಲ್ಲ. ಕರೆಂಟಿನ ವಿಷಯ ಪಕ್ಕದ ಮನೆಯ ಈರಮ್ಮನವರನ್ನು ಕೇಳಿದರೆ, “ಆಸ್ಪತ್ರಿ ಲೈನ್ ಐತಪ್ಪಾ ಇದು, ತೆಗೆಯೋದ ಇಲ್ಲ,” ಎಂದರು. ಬಂದು ಅಣ್ಣನಿಗೆ ಎಲ್ಲ ಒಪ್ಪಿಸಿದೆ. ಅವರು ಪೆನ್ನು ತೆಗೆದುಕೊಂಡು ಸಿರುಗುಪ್ಪದ ನೆಟ್ಟಿಗೆ ಐದಿದ್ದುದನ್ನು ಆರು ಮಾಡಿದರು.

“ಇಷ್ಟ?” ಎಂದೆ.

“ಒಂದು ದಿನದ ಸ್ಪೀಡ್ ನಂಬಿ ಮನಿ ಬದಲಿ ಮಾಡಾಕಾಗತೈತೇನಲೇ? ಆರು ತಿಂಗಳದ್ದು ಬೇಕು.”

ಒಳಗೆ ಅನ್ನಕ್ಕಿಡುತ್ತಿದ್ದ ಮೇಡಂ ಪಾತ್ರೆಗೆ ಮುಚ್ಚಳ ಹಾಕಿದರು. ನಾನು ಬ್ಯಾಗು ಎತ್ತಿಕೊಂಡೆ. ಕೇಬಲ್ಲಿನವನು ಗಂಡಹೆಂಡಿರ ನಡುವೆ ಕೇಬಲ್ ಬಿಟ್ಟು ಬೇರೇನೂ ಎಳೆಯಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಆ ಬುದ್ಧಿ ಇಲ್ಲದಿದ್ದರೆ ಚೆನ್ನಾಗಿತ್ತು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೇಡಂ ಬಸುರಾದರು. ದೊಡ್ಡಬಸವರಾಜಣ್ಣ ಓಣಿಗೆಲ್ಲ ಪೇಢೆ ಹಂಚಿದರು, ನನಗೆ ಅರ್ಧ ಕೆಜಿ ಬೇರೆ. ಮೂರನೇ ತಿಂಗಳಿಂದ ಮೇಡಂ ಮುಖ ಬಾಡತೊಡಗಿತು. ಬಸ್ಸಿನಲ್ಲಿ ಒಮ್ಮೊಮ್ಮೆ ಕೂರಲೂ ಜಾಗ ಸಿಗುತ್ತಿರಲಿಲ್ಲ. ಒಂದು ಸಂಜೆ ನನ್ನೆದುರೇ ಕೇಳಿದರು.

“ರೀ, ಸಿರುಗುಪ್ಪಕ್ಕ ಹೋಗೋಣ್ರಿ. ಆ ಮನಿ ಇನ್ನಾ ಖಾಲಿ ಐತಂತ.”

“ಮಾರ್ಚ್ ಮುಗೀಲಿ ಶೀಲಾ. ಈಗ ಮಾರ್ಕೆಟ್ ಭಾಳ ಏರುಪೇರು ಐತಿ. ಮನಿ ಬದಲಿ ಮಾಡೋ ಹೊತ್ತಲ್ಲ.”

“ಮಾರ್ಚಿಗೆ ಆರು ತಿಂಗಳಾಗತೈತ್ರಿ ನನಗ.”

“ಅದ ನಾನೂ ಹೇಳೋದು. ಆಮ್ಯಾಲೆ ಹೆಂಗೂ ರಜಾ ಹಾಕ್ತಿಯಲ್ಲ.”

ಫೆಬ್ರವರಿಯ ಒಂದು ಭಾನುವಾರ ಹೊಟ್ಟೆ ನೋವೆಂದು ಮಲಗಿದವರನ್ನು ಆಸ್ಪತ್ರೆಗೆ ಒಯ್ದರು. ಮಗು ಉಳಿಯಲಿಲ್ಲ. ಐದು ತಿಂಗಳಾಗಿತ್ತು. ಬಸ್ಸಿನ ಓಡಾಟದಿಂದ ಹೀಗಾಯಿತೇ ಎಂದು ಮೇಡಂ ಕೇಳಿದ್ದಕ್ಕೆ, “ಅದರಿಂದಾನ ಆತು ಅಂತ ಹೇಳಾಕ ಬರಲ್ಲಮ್ಮ, ಇಂಥವಕ್ಕ ಕಾರಣ ಸಿಗೋದ ಕಮ್ಮಿ,” ಎಂದರಂತೆ ಡಾಕ್ಟರಮ್ಮ. ಸಿಗದ ಕಾರಣವನ್ನು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಹುಡುಕುತ್ತಿದ್ದರೆಂದು ನನಗೆ ಆಮೇಲೆ ಅನ್ನಿಸಿತು.

ನನಗೆ ಆಗ ಇದಾವುದೂ ಗೊತ್ತಿರಲಿಲ್ಲ. ಹದಿನೈದು ದಿನದ ನಂತರ ಎಂದಿನಂತೆ ಮಿರ್ಚಿ ಕಟ್ಟಿಸಿಕೊಂಡು ಹೋಗಿ, ಬಾಗಿಲಲ್ಲೇ, “ಅಕ್ಕಾ, ಪಾಪುಗೆ ಖಾರ ಇಷ್ಟ ಆಗತೈತೋ ಇಲ್ಲೋ,” ಎಂದುಬಿಟ್ಟೆ. ಮೇಡಂ ಪೊಟ್ಟಣ ಇಸಿದುಕೊಂಡು ಒಳಗೆ ಹೋದರು. ಅಣ್ಣ ಕಣ್ಣಿನಲ್ಲೇ ನನಗೆ ಹೇಳಿದರು. ಆ ಹೊತ್ತಿಗೆ ಏಣಿ ಇದ್ದಿದ್ದರೆ ಹತ್ತಿ ಆಕಾಶದಲ್ಲಿ ಎಲ್ಲಾದರೂ ಕೂತುಬಿಡುತ್ತಿದ್ದೆ.

ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದೆ. ಹಾಳೆಯಲ್ಲಿ ಆರನೇ ಕಾಲಂ ಒಂದು ಬಂದಿತ್ತು. ಮೇಡಂ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ‘ಬಸ್ಸು’ ಎಂದು ಬರೆದಿದ್ದರು. ಬಳ್ಳಾರಿಗೆ ಸೊನ್ನೆ. ಸಿರುಗುಪ್ಪಕ್ಕೆ ಹತ್ತು. ಕುರುಗೋಡಿಗೆ ಮೂರು. ಕೆಳಗೆ ಹೊಸದಾಗಿ ಕೂಡಿದ್ದರು: ನಲವತ್ತೊಂದು, ನಲವತ್ತಾರು, ಮೂವತ್ತಮೂರು. ಮೂರನೇ ಇಯತ್ತೆಯ ಮಕ್ಕಳಿಗೆ ಹಾಕುವಂತೆ ನಲವತ್ತಾರರ ಸುತ್ತ ಒಂದು ವೃತ್ತ. ಅಣ್ಣ ಅದನ್ನು ಅಳಿಸಿರಲಿಲ್ಲ, ಕಿತ್ತಿರಲೂ ಇಲ್ಲ. ದಿನಾ ಒಂಬತ್ತೂ ಕಾಲಿನಿಂದ ಮೂರೂವರೆಯವರೆಗೆ ಅದರ ಕೆಳಗೇ ಕೂರುತ್ತಿದ್ದರು.

ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಮೇಡಂ ಸಿರುಗುಪ್ಪದಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ಆ ಮನೆ ಹಿಡಿದರು. ಜಗಳವಾಗಲಿಲ್ಲ. ಎರಡು ಟ್ರಂಕು, ಒಂದು ಗ್ಯಾಸ್ ಒಲೆ, ಒಂದು ಹಾಸಿಗೆ ಆಟೋ ಗಾಡಿಗೆ ಏರಿಸಲು ನಾನೂ ಕೈಹಾಕಿದೆ.

“ನೀನ ಹೇಳ್ತಿದ್ದಿಯಲ್ಲ ಸ್ಟಾಪ್ ಲಾಸ್ ಅಂತ,” ಎಂದರು ಮೇಡಂ, ಗಂಡನ ಮುಖ ನೋಡದೆ. ಮೇಡಂ ಅವರನ್ನು ‘ನೀನು’ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಮರುತಿಂಗಳು ಅಣ್ಣ ಕುರುಗೋಡಿನಲ್ಲಿ ಮನೆ ಮಾಡಿದರು. ಅವರ ಪಟ್ಟಿಯಲ್ಲಿ ಮೂರಕ್ಕೆ ಮೂರನೇ ಸ್ಥಾನದ ಊರು. “ಬಳ್ಳಾರಿನೂ ಬ್ಯಾಡ, ಸಿರುಗುಪ್ಪನೂ ಬ್ಯಾಡ. ಇಬ್ಬರಿಗೂ ಮಧ್ಯ ಆಗತೈತಿ,” ಎಂದರು. ಅಲ್ಲಿಗೂ ನಾನೇ ಕೇಬಲ್ ಹಾಕಿದೆ. ಮನೆಯ ಬೆನ್ನಿಗೇ ಕಲ್ಲುಗುಡ್ಡ. ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಪುಣ್ಯ. ನಮ್ಮ ಕೇಬಲ್ಲು ಗುಡ್ಡ ಸುತ್ತಿ, ಹೊಲದ ಕಂಬಗಳ ಮೇಲೆ ಬರಬೇಕು. ಗಾಳಿ ಬೀಸಿದರೂ ಹರಿಯುತ್ತದೆ, ಮೆಕ್ಕೆಜೋಳದ ಲಾರಿ ತಾಗಿದರೂ ಹರಿಯುತ್ತದೆ. ದೊಡ್ಡಬಸವೇಶ್ವರನ ಊರಾದ್ದರಿಂದ ಅಲ್ಲಿ ಅವರ ಹೆಸರು ಹಿಡಿದು ಕೂಗಿದರೆ ಬೀದಿಗೆ ನಾಲ್ಕು ಜನ ತಿರುಗುತ್ತಾರೆ. ಇವರು ಯಾರ ಗಂಡ, ಯಾರ ಮಗ ಎಂದು ಕೇಳುವವರು ಮಾತ್ರ ಇಲ್ಲ.

ಮೇಡಂ ಒಂದು ಭಾನುವಾರ ಬಂದು ನೋಡಿಹೋದರಂತೆ. ಅಣ್ಣನೇ ಹೇಳಿದರು. ಕೋಣೆಗಳನ್ನೆಲ್ಲ ನೋಡಿ, ಹಿತ್ತಲ ಬಾಗಿಲು ತೆಗೆದು ಗುಡ್ಡ ನೋಡಿ, “ಇದು ಯಾರಿಗೆ ಮಧ್ಯ ರೀ?” ಎಂದರಂತೆ. ಅಡುಗೆ ಮಾಡಿಟ್ಟು, ನಾಲ್ಕು ಗಂಟೆಯ ಬಸ್ಸಿಗೆ ಹೊರಟರಂತೆ. ಆಮೇಲೆ ಬರಲಿಲ್ಲ.

ಹೋದ ತಿಂಗಳು ಕುರುಗೋಡಿನಿಂದ ಮತ್ತೆ ದೂರು ಬಂತು. ಕೇಬಲ್ ಹರಿದಿತ್ತು. ಜೋಡಿಸಿ ಒಳಗೆ ಹೋದಾಗ ಮೂರೂವರೆ ದಾಟಿತ್ತು, ಪೇಟೆ ಮುಚ್ಚಿತ್ತು. ಪರದೆಗಳು ಎರಡೂ ಕಪ್ಪಗಿದ್ದವು. ಅಂಗಿಗೆ ಇಸ್ತ್ರಿ ಇರಲಿಲ್ಲ. ಹಳೆಯ ಹಾಳೆಯನ್ನು ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಚಾಕ್ಕಿಟ್ಟು, ಎಂದಿನಂತೆ ಕೇಳಿದರು: “ಏನಲೇ, ಲಗ್ನ ಆತೇನು?”

“ಇಲ್ಲಣ್ಣ. ಆರು ಕಡೆಯವರು ತಿಳಸ್ತೀವಿ ಅಂದಾರ.”

“ನೌಕರಿ ಬಿಡ್ತೀನಿ ಅಂತಿದ್ದಿಯಲ್ಲ?”

“ಬಿಟ್ರ ‘ತಿಳಸ್ತೀವಿ’ ಅಂತಾನೂ ಅನ್ನಲ್ಲ.”

ನಕ್ಕರು. ಬಹಳ ದಿನಕ್ಕೆ ನಗುವುದನ್ನು ಕಂಡೆ. ಅದೇ ಸಲಿಗೆಯಲ್ಲಿ, ಕೇಳಬಾರದ್ದನ್ನು ಕೇಳಿಬಿಟ್ಟೆ.

“ಅಣ್ಣಾ, ಬೈಬ್ಯಾಡ್ರಿ. ಇಲ್ಲಿ ದಿನಕ್ಕ ನಾಕು ಸಲ ನೆಟ್ ಹೋಗತೈತಿ, ಆದ್ರೂ ಬಂದು ಕುಂತೀರಿ. ಸಿರುಗುಪ್ಪದಾಗ ಚಲೋ ಐತಿ ಅಂತ ನಾನ ಅಳದು ಬಂದು ಹೇಳಿದ್ದೆ. ಅಕ್ಕ ಬಸರಿದ್ದಾಗ ಅಲ್ಲಿಗ್ಯಾಕ ಹೋಗಲಿಲ್ಲ?”

ಅವರು ಚಾ ಸೋಸಿದರು. ಒಂದು ಲೋಟ ನನ್ನ ಮುಂದಿಟ್ಟರು. ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ ಹೇಳಿದರು:

“ಅಲ್ಲಿ ಹೋಗಿದ್ರ ನನಗ ಟೀಚರಮ್ಮನ ಗಂಡ ಅಂತಿದ್ರು. ಅದಕ್ಕ ಹೋಗಲಿಲ್ಲ.”