ಕೋಪ ಹುಡುಕಿಕೊಂಡು ಬಂದ ಕೋಟು

ದರ್ಜಿ ಎದ್ದ. ಅವನ ಜೊತೆಗೆ ಪಂಡಿತರ ಕೋಟೂ ಎದ್ದಿತು.

ನಲವತ್ತು ವರ್ಷ ಸೂಜಿ ಹಿಡಿದ ಕೈ ಅದು. ಆದರೆ ಪಶ್ಚಿಮದಿಂದ ಬಂದಿದ್ದ ಆ ಪಂಡಿತರ ಕೋಟಿನ ಒಳಗೆ ಜೋತುಬಿದ್ದ ಅಸ್ತರನ್ನು ತೊಡೆಯ ಮೇಲಿಟ್ಟು ಹೊಲಿಯುವಾಗ ಕಣ್ಣು ಬಟ್ಟೆಯ ಮೇಲಿರಲಿಲ್ಲ, ಪಂಡಿತರ ಮೇಲಿತ್ತು. ಇಷ್ಟು ಓದಿದ ಮನುಷ್ಯ ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಹಾಕಿಕೊಂಡು ಊರೂರು ತಿರುಗುತ್ತಿದ್ದಾನಲ್ಲ ಎಂದು ನೋಡುತ್ತ ನೋಡುತ್ತ, ತನ್ನ ಅಂಗಿಯ ಅಂಚನ್ನೂ ಅಸ್ತರಿಗೆ ಸೇರಿಸಿ ಹೊಲಿದುಬಿಟ್ಟಿದ್ದ. ಈಗ ಕೋಟು ಹಾಲು ಕುಡಿಯುವ ಕರುವಿನ ಹಾಗೆ ಅವನ ಹೊಟ್ಟೆಗೆ ಅಂಟಿಕೊಂಡು ನೇತಾಡುತ್ತಿತ್ತು.

ಪಂಡಿತರು ನಗಲಿಲ್ಲ. ನಗುವುದು ಅವರ ಸಂಶೋಧನೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅತಿಥಿಯ ಬಟ್ಟೆಯನ್ನು ತನ್ನ ಬಟ್ಟೆಗೆ ಹೊಲಿದುಕೊಳ್ಳುವುದು ಇಲ್ಲಿಯ ಹಳೆಯ ಪದ್ಧತಿಯೇ ಎಂದು ದುಭಾಷಿಯನ್ನು ಗಂಭೀರವಾಗಿ ಕೇಳಿದರು. ದುಭಾಷಿ ಹೌದು, ಬಹಳ ಹಳೆಯದು ಎಂದ. ಪಂಡಿತರು ಬರೆದುಕೊಂಡರು.

ಆ ದುಭಾಷಿ ದರ್ಜಿಯ ಅಳಿಯ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಎಂಥ ದೇಹವನ್ನೂ ಕಣ್ಣಲ್ಲೇ ಅಳೆಯುತ್ತಿದ್ದ ದರ್ಜಿಗೆ ಅಳಿಯನನ್ನು ಅಳೆಯುವ ಟೇಪು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹನ್ನೊಂದು ವರ್ಷದಿಂದ ಅವನದು ತಾತ್ಕಾಲಿಕ ನೌಕರಿ. ಖಾಯಂ ಆಗಿದ್ದುದು ಆ ತಾತ್ಕಾಲಿಕತೆ ಒಂದೇ. ಅವನ ಪ್ರಿನ್ಸಿಪಾಲರೂ ಈ ಪಂಡಿತರೂ ಒಂದು ಕಾಲದಲ್ಲಿ ಪರದೇಶದಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಪಂಡಿತರು ಹೋಗುವಾಗ ಇವನ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬರೆದರೆ ಕೆಲಸ ಖಾಯಂ. ಬರೆಯದಿದ್ದರೆ ಇಷ್ಟರಲ್ಲೇ ಮುಗಿಯುವ ವರ್ಷದ ಜೊತೆ ಅದೂ ಮುಗಿದಂತೆ.

ಆದರೆ ಪಂಡಿತರಿಗೆ ಸಮಾಧಾನವಿರಲಿಲ್ಲ. ಮುಸಲ್ಮಾನರು ಪಶ್ಚಿಮದ ಬಗ್ಗೆ ಏನೆಂದುಕೊಂಡಿದ್ದಾರೆ ಎಂದು ತಿಳಿಯಲು ಅಚ್ಚು ಹಾಕಿಸಿದ ನಲವತ್ತೊಂದು ಪ್ರಶ್ನೆ ಹಿಡಿದುಕೊಂಡು ಎಂಟು ತಿಂಗಳಿಂದ ಆರು ದೇಶ ಸುತ್ತಿದ್ದರು. ಹೋದಲ್ಲೆಲ್ಲ ಜನ ಕುರ್ಚಿ ಒರೆಸಿ ಕೂರಿಸಿ, ಟೀ ಕೊಟ್ಟು, ಪಶ್ಚಿಮವನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದ್ದರು. ಒಬ್ಬ ಮೌಲ್ವಿ ಮಸೀದಿಯ ಮಾಡು ಸೋರುವುದರ ಬಗ್ಗೆ ಎರಡು ಗಂಟೆ ಹೇಳಿದ್ದ. ಒಬ್ಬ ಲಾರಿ ಡ್ರೈವರ್ ನಿಮ್ಮ ಕಡೆ ಮಂಡಿನೋವಿಗೆ ಏನು ಮಾಡ್ತೀರಿ ಎಂದು ಇವರನ್ನೇ ಕೇಳಿದ್ದ. ಬೆಟ್ಟ ಅಗೆದು ಇಲಿ ಹಿಡಿಯುವುದು ಗಾದೆ. ಇವರಿಗೆ ಇಲಿಯೂ ಸಿಕ್ಕಿರಲಿಲ್ಲ. ಪುಸ್ತಕದ ಕೊನೆಯ ಅಧ್ಯಾಯಕ್ಕೆ ‘ಕೋಪ’ ಎಂದು ಹೆಸರಿಟ್ಟಾಗಿತ್ತು, ಒಳಗೆ ಒಂದು ಸಾಲೂ ಇರಲಿಲ್ಲ. ಮಾರನೆಯ ದಿನ ವಾಪಸು ಹೋಗುವ ವಿಮಾನ. ಅಳಿಯ ಆಗ, ಕೋಪ ತಾನೇ ಬೇಕು, ನಮ್ಮ ಮಾವ ಇದ್ದಾರೆ ಅಂದಿದ್ದ.

ಸುಳ್ಳೇನಲ್ಲ. ದರ್ಜಿಗೆ ಬೀದಿಯವರು ಇಟ್ಟ ಹೆಸರೇ ಇಸ್ತ್ರಿಪೆಟ್ಟಿಗೆ. ದಾರ ತುಂಡಾದರೆ ದಾರದ ಮೇಲೆ, ಜಿಪ್ ಕಚ್ಚಿಕೊಂಡರೆ ಜಿಪ್ ಕಂಡುಹಿಡಿದವನ ಮೇಲೆ, ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಯ ಮೇಲೆ ಕೋಪ. ಏನೂ ಆಗದ ದಿನ ಅಳಿಯ ಇದ್ದೇ ಇದ್ದ. ಬೆಳಿಗ್ಗೆ ಮಗಳು ಬಂದು ಟೀ ಲೋಟ ಕೈಗಿಟ್ಟು ಹೇಳಿದ್ದಳು: “ಅಪ್ಪಾ, ದಿನಾ ಯಾರಿಗಾದ್ರೂ ಬೈತಾನೇ ಇರ್ತೀಯ. ಇವತ್ತೊಂದಿನ ಪಶ್ಚಿಮಕ್ಕೆ ಬೈ. ಇವರ ಕೆಲಸ ಖಾಯಂ ಆಗುತ್ತೆ.” ಅವನು ಹೂಂ ಅಂದಿದ್ದ. ಅವಳೊಬ್ಬಳಿಗೇ ಅವನು ಹೂಂ ಅನ್ನುತ್ತಿದ್ದುದು.

ಪಂಡಿತರು ಕೇಳಬೇಕಾಗಿದ್ದು ಬೇರೆಯೇ ಇತ್ತು. ದರ್ಜಿಯ ಕಸುಬೇ ಪಶ್ಚಿಮ. ಅಲ್ಲಿಯವರು ತೊಟ್ಟು ಬಿಸಾಕಿದ ಕೋಟುಗಳು ಮೂಟೆಮೂಟೆಯಾಗಿ ಬಂದು ಅವನ ಅಂಗಡಿಯಲ್ಲಿ ಬೀಳುತ್ತಿದ್ದವು. ಅವನ್ನು ಬಿಚ್ಚಿ, ಸೊಂಟ ಇಳಿಸಿ, ತೋಳು ಮೊಟಕು ಮಾಡಿ ಇಲ್ಲಿಯ ಮೈಗೆ ಕೂರಿಸುವುದು ಅವನ ಕೆಲಸ. ಯಾವ ದಶಕದಲ್ಲಿ ಅವರ ಹೊಟ್ಟೆ ಬೆಳೆಯಿತು, ಯಾವಾಗ ಅವರು ಹಲ್ಲುಕಡ್ಡಿ ಬಿಟ್ಟು ನಿದ್ರೆ ಮಾತ್ರೆ ಹಿಡಿದರು, ಎಲ್ಲವನ್ನೂ ಜೇಬುಗಳೇ ಅವನಿಗೆ ಹೇಳಿದ್ದವು. ಅವನಿಗೆ ಗುರುವೂ ಅಲ್ಲಿಯವನೇ. ಹರೆಯದಲ್ಲಿ ಒಂದು ಹಳೆಯ ಕರಿ ಕೋಟಿನ ಎದೆ ಬಿಚ್ಚಿದಾಗ, ಒಳಗೆ ಯಾರೂ ನೋಡದ ಜಾಗದಲ್ಲಿ, ಕೋಟಿಗೆ ಬಿಗಿ ಕೊಡುವ ಕ್ಯಾನ್ವಾಸಿಗೆ ಸಾವಿರಾರು ಪುಟ್ಟ ಕೈಹೊಲಿಗೆ ಸಾಲಾಗಿ ಕೂತಿದ್ದವು. ಹೆಸರು ತಿಳಿಯದ ಆ ದರ್ಜಿಗೆ ಇವನು ಅಂಗಡಿಯಲ್ಲಿ ಒಬ್ಬನೇ ನಿಂತು ಸಲಾಂ ಹೊಡೆದಿದ್ದ. ಅದನ್ನು ನೋಡಿ ನೋಡಿಯೇ ಕೆಲಸ ಕಲಿತ. ಅಷ್ಟು ಮರ್ಯಾದೆ ಅವನು ಬದುಕಿರುವ ಯಾರಿಗೂ ಕೊಟ್ಟಿರಲಿಲ್ಲ.

ಪ್ರಶ್ನೆ ಶುರುವಾಯಿತು. ದರ್ಜಿ ಒಂದು ಬ್ಲೇಡು ತೆಗೆದುಕೊಂಡು ಹೊಟ್ಟೆಗೆ ಅಂಟಿದ ಕೋಟನ್ನು ಬಿಡಿಸಿಕೊಳ್ಳುತ್ತ ಉತ್ತರ ಕೊಟ್ಟ. ನಮಾಜು ಮಾಡುತ್ತೀರಾ ಅಂದರೆ, ಮಸೀದಿ ಎದುರಿಗೇ ಇದೆ, ಹೋಗದಿದ್ದರೆ ಇಮಾಮರೇ ಬಂದು ಇಲ್ಲಿ ಕೂರುತ್ತಾರೆ, ಅದಕ್ಕಿಂತ ಹೋಗುವುದೇ ಸುಖ ಎಂದ. ಅಳಿಯ ಅದನ್ನು ಹೇಳಲು ನಾಲ್ಕು ನಿಮಿಷ ತೆಗೆದುಕೊಂಡ, ನಡುವೆ ಎರಡು ಸಲ ಎದೆಗೆ ಕೈ ಇಟ್ಟ. ಪಶ್ಚಿಮದ ಬಗ್ಗೆ ಏನು ಗೊತ್ತು ಅಂದರೆ ದರ್ಜಿ “ಸ್ವಲ್ಪ” ಎಂದ. ಗುಂಡಿ ಹಾಕಿಕೊಳ್ಳಲು ಬಾರದವನಿಗೆ ಇದಕ್ಕಿಂತ ಹೆಚ್ಚು ಹೇಳುವುದು ನೂಲು ದಂಡ. ಆ ‘ಸ್ವಲ್ಪ’ ಅಳಿಯನ ಬಾಯಲ್ಲಿ ಒಂದು ಪುಟವಾಯಿತು.

“ಅಳಿಯಂದ್ರೇ,” ಅಂದ ದರ್ಜಿ, “ನಾನು ಕೊಟ್ಟಿದ್ದು ಕರ್ಚೀಫಿನ ಬಟ್ಟೆ. ನೀವು ಅದರಲ್ಲಿ ಡೇರೆ ಹೊಲೀತಿದ್ದೀರಿ.”

“ಮಾವ, ದಯವಿಟ್ಟು,” ಅಂದ ಅಳಿಯ ಸಣ್ಣ ದನಿಯಲ್ಲಿ. “ಇನ್ನು ಒಂದೇ ಪ್ರಶ್ನೆ. ಸಿಟ್ಟು ಮಾಡ್ಕೊಳ್ಳಿ.”

ದರ್ಜಿಗೆ ಮಗಳ ಮುಖ ನೆನಪಾಯಿತು. ಮಾತು ಕೊಟ್ಟಾಗಿತ್ತು. ಹುಬ್ಬು ಗಂಟಿಕ್ಕಿ ನೋಡಿದ. ಹೊಳ್ಳೆ ಅರಳಿಸಿ ನೋಡಿದ. ಬರಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ಕಂಡರೆ ತಾತ್ಸಾರ ಎಷ್ಟು ಬೇಕಾದರೂ ಬರುತ್ತಿತ್ತು, ಕೋಪಕ್ಕೆ ಆ ಪಂಡಿತರಲ್ಲಿ ಸಾಮಗ್ರಿ ಸಾಲದು. ಆ ಬೇಸರಕ್ಕೆ ಬ್ಲೇಡನ್ನು ಜೋರಾಗಿ ಎಳೆದ. ಹೊಲಿಗೆಯ ಜೊತೆ ಅಸ್ತರು ಪರ್ ಎಂದು ಎದೆಯವರೆಗೂ ಹರಿದುಹೋಯಿತು. ಕೋಟು ಬೇರೆಯಾಯಿತು. ದರ್ಜಿ ಅದರ ಒಳಗೆ ಇಣುಕಿದ, ಕ್ಯಾನ್ವಾಸಿನ ಮೇಲೆ ಬೆರಳು ಹಾಕಿ ಸವರಿದ, ಮೂಗಿನ ಹತ್ತಿರ ತಂದು ಮೂಸಿದ.

ಆಮೇಲೆ ಅವನ ಕಿವಿ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಇಸ್ತ್ರಿಪೆಟ್ಟಿಗೆ ಇಷ್ಟು ಕಾದಿದ್ದನ್ನು ಅಳಿಯನೂ ನೋಡಿರಲಿಲ್ಲ.

ಎಂಟು ತಿಂಗಳಲ್ಲಿ ಮೊದಲ ಸಲ ಪಂಡಿತರ ಮುಖ ಅರಳಿತು. ಹೊಸ ಹಾಳೆ ತಿರುವಿ, ‘ಕೋಪ’ ಎಂದು ಮೇಲೆ ಬರೆದು, ನಲವತ್ತೊಂದನೆಯ ಪ್ರಶ್ನೆ ಕೇಳಿದರು. ಅಳಿಯನ ನೌಕರಿ ಆ ಪೆನ್ನಿನ ಮೊನೆಯಲ್ಲಿ ನೇತಾಡುತ್ತಿತ್ತು.

“ಮಾವ, ಪಶ್ಚಿಮದವರು ಮಾಡಿದ್ದರಲ್ಲಿ ನಿಮ್ಮ ರಕ್ತ ಕುದಿಸೋದು ಯಾವುದು ಅಂತ ಕೇಳ್ತಿದ್ದಾರೆ.”

ದರ್ಜಿ ಕೋಟನ್ನು ಒಳಮೈ ಹೊರಗೆ ಮಾಡಿ ಪಂಡಿತರ ಮುಖದೆದುರು ಹಿಡಿದ.

“ಒಂದಕ್ಷರ ಸೇರಿಸದೆ ಹೇಳಿ ಅಳಿಯಂದ್ರೇ,” ಅಂದ. “ಮೊದಲೆಲ್ಲ ಹೊಲೀತಿದ್ರು. ಈಗ ಗೋಂದು ಹಚ್ತಾರೆ.”