ಇಳಿಜಾರಿನಲ್ಲಿ ವಾಲಿದ ಯಂತ್ರ

ಮೇಲ್ಬದಿಯ ಎರಡೂ ಚಕ್ರ ನೆಲ ಬಿಟ್ಟವು. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ನನ್ನನ್ನೂ ಹೊತ್ತು ಇಳಿಜಾರಿಗೆ ವಾಲುತ್ತಿತ್ತು. "ಇಳೀರಿ ಬ್ವಾನಾ, ಇಳೀರಿ ಯಜಮಾನ್ರೇ!" ಎಂದು ಕೂಗುತ್ತಾ ಮ್ವಾಂಗಿ ಓಡಿಬಂದು ಮೇಲ್ಬದಿಗೆ ಜೋತುಬಿದ್ದ. ನಾನು ಎಂಜಿನ್ ಆರಿಸಿ ಕೆಳಗೆ ಹಾರಿದೆ. ಅವನ ಭಾರಕ್ಕೆ ಚಕ್ರಗಳು ಮತ್ತೆ ನೆಲಕ್ಕೂರಿದವು.

ನೈರೋಬಿಯ ಲೊರೆಶೋದಲ್ಲಿರುವ ನಮ್ಮ ಐದು ಎಕರೆ ಹುಲ್ಲನ್ನು ವರ್ಷಗಳಿಂದ ಸ್ಲ್ಯಾಷರ್ ಎಂಬ ಉದ್ದ ಕತ್ತಿ ಬೀಸಿ ಸವರುತ್ತಿದ್ದವನು ಅವನೇ. ಈ ಯಂತ್ರ ಕೊಂಡರೆ ಅವನಿಗೆ ಕೆಲಸವಿಲ್ಲ. ಅದು ಅವನಿಗೂ ಗೊತ್ತಿತ್ತು.

ಓಡಿಸಿ ನೋಡಿ ಎಂದು ಯಂತ್ರ ಕಳಿಸಿದ್ದ ಅಂಗಡಿಯವರು, ಜಾಗ ಸಮ ಇದೆಯಾ ಎಂದು ಕೇಳಿದ್ದರು. ಎಲ್ಲಾ ಸಮವೇ ಎಂದು ಜಂಭದಿಂದ ಹೇಳಿದ್ದೆ. ಅವರು ಕೊಟ್ಟ ಇಂಗ್ಲಿಷ್ ಪುಸ್ತಕ ಓದಲು ನನಗೆ ಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದಿಹೇಳು ಎಂದು ಮಗಳನ್ನು ಕೇಳಲು ಮರ್ಯಾದೆ ಅಡ್ಡ ಬಂತು.

ಮ್ವಾಂಗಿ ಅಂಗಿಯ ಮಣ್ಣು ಕೊಡವಿಕೊಂಡು ನಕ್ಕ. "ಇಳಿಜಾರು ನಂಗೆ ಬಿಡಿ ಬ್ವಾನಾ. ನನ್ನ ಸ್ಲ್ಯಾಷರ್ ಪಲ್ಟಿ ಹೊಡೆಯಲ್ಲ."

ಆ ಯಂತ್ರ ವಾಪಸ್ಸು ಕಳಿಸಿ, ಸಮ ಜಾಗಕ್ಕೆ ಸಾಕಾಗುವ, ಹಿಂದೆ ನಡೆದು ಓಡಿಸುವಂಥದ್ದು ತಂದೆ. ಇಳಿಜಾರು ಇವತ್ತಿಗೂ ಮ್ವಾಂಗಿಯದೇ. ಹೊಸ ಯಂತ್ರದ ಪುಸ್ತಕವನ್ನು ಮಾತ್ರ, ಮುಟ್ಟುವ ಮೊದಲೇ, ಮಗಳ ಕೈಲಿ ಓದಿಸಿದೆ. ಮ್ವಾಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು.